ಹಾರನಹಳ್ಳಿಯ ಇಂಜಿನ್ನೂ ನೀಲಕಂಠಸ್ವಾಮಿಗಳ ಮೌನವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಬಾವಿಯ ನೀರೆತ್ತುವ, ಭತ್ತ ಕುಟ್ಟುವ ಸಣ್ಣ ಇಂಜಿನ್ನುಗಳು ಎಲ್ಲೆಲ್ಲಿ ಓಡುತ್ತಿವೆಯೋ ಅಲ್ಲೆಲ್ಲ ಮೇಸ್ತ್ರಿ ಶ್ರೀ ನೀಲಕಂಠಸ್ವಾಮಿಗಳ ಕೈ ಆಡಿದೆ. ೧೯೧೬ರಲ್ಲಿ ಹುಣಸೂರಿನ ನಮ್ಮ ರಿಪೇರಿ ಕಾರ್ಖಾನೆಯನ್ನು ಸೇರಿ, ಮೂವತ್ತು ವರ್ಷ ದುಡಿದು, ಈ ಯುಗಾದಿಗೆ ನಿವೃತ್ತರಾಗುತ್ತಿರುವ ಅವರನ್ನು ಹೊಗಳಲು ಈ ಅಭಿನಂದನ ಸಂಪುಟದಲ್ಲಿ ಅನೇಕರಿದ್ದಾರೆ. ಗಂಗಾಧರಪ್ಪನಿಗೆ ಮಾತ್ರ ಹೊಗಳುವುದಕ್ಕೆ ಮೊದಲು ಒಪ್ಪಿಕೊಳ್ಳಬೇಕಾದದ್ದೊಂದಿದೆ. ಆ ಗಂಗಾಧರಪ್ಪನೇ ಈ ಲೇಖನವನ್ನು ಬರೆಯುತ್ತಿರುವವನು. ‘ನಾನು’ ಎಂದು ಬರೆದರೆ ತಪ್ಪನ್ನು ಮುಚ್ಚಿಕೊಳ್ಳಲು ಕೈ ಮುಂದಾದೀತೆಂಬ ಅಂಜಿಕೆಯಿಂದ ಅವನನ್ನು ಹೆಸರು ಹಿಡಿದೇ ಕರೆದಿದೆ.

ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ಬಳಿ ಗಾಡಿಯ ಅಚ್ಚು ಮುರಿದಾಗ, ಗಿರಣಿಯವರು ಕಾಯುತ್ತಿರುತ್ತಾರೆಂದು ಸಾಮಾನಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹೆಗ್ಗಡದೇವನಕೋಟೆಯವರೆಗೆ ನಡೆದ ಮೇಸ್ತ್ರಿಗಳಿವರು. ಅಂಥವರ ಮೇಲೆ ೧೯೩೫ರಲ್ಲಿ ಸೂಪರ್‌ವೈಸರ್ ಆಗಿ ಬಂದು ಕುಳಿತವನು ಗಂಗಾಧರಪ್ಪ. ಮೈಸೂರಿನಲ್ಲಿ ಓದಿ ಬಂದಿದ್ದ, ಇಸ್ತ್ರಿ ಮಾಡಿದ ಕೋಟು ತೊಡುತ್ತಿದ್ದ, ಬೆಂಗಳೂರಿನ ದಂಡು ಪ್ರದೇಶದಿಂದ ಕೊಂಡು ತಂದ, ನಟ್ಟು ಬಿಚ್ಚುವ ಅಮೆರಿಕದ ಸಾಕೆಟ್ಟುಗಳ ಹೊಸ ಪೆಟ್ಟಿಗೆಯನ್ನು ದೇವರ ಪೆಟ್ಟಿಗೆಯಂತೆ ಜೊತೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ತನಗೆ ತಿಳಿಯದ್ದು ಏನಾದರೂ ಇದ್ದೀತೆಂಬ ಅನುಮಾನವೇ ಆಗ ಅವನಿಗೆ ಇರಲಿಲ್ಲ.

ಆ ಬೇಸಿಗೆಯಲ್ಲಿ ಹಾರನಹಳ್ಳಿಯ ದೊಡ್ಡತಾಯಮ್ಮನವರ ಬಾವಿಯ ಇಂಜಿನ್ನು ಹೊಗೆ ಕಾರತೊಡಗಿತು. ಹೊಗೆಸೊಪ್ಪಿನ ಸಸಿಮಡಿಗೆ ದಿನವೂ ನೀರು ಬೇಕಾದ ಕಾಲ. ಮೇಲಿನ ಮುಚ್ಚಳವನ್ನು ಬಿಚ್ಚಬೇಕಾಗಿತ್ತು. ಇಂಜಿನ್ನು ಇಂಗ್ಲೆಂಡಿನದು. ಇಂಗ್ಲಿಷ್ ಸಾಕೆಟ್ಟಿನ ಮೇಲೆ ಕೊರೆದ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ಅಮೆರಿಕದ್ದರ ಮೇಲಿನ ಅಂಕಿ ನಟ್ಟಿನ ಅಗಲವನ್ನು. ಹೀಗಾಗಿ ಒಂದೇ ಅಂಕಿಯಿದ್ದರೂ ಎರಡೂ ಒಂದೇ ನಟ್ಟಿಗೆ ಕೂರುವುದಿಲ್ಲ. ಗಂಗಾಧರಪ್ಪ ಅಂಕಿಯನ್ನು ಬಿಟ್ಟು ತನ್ನ ಪೆಟ್ಟಿಗೆಯಲ್ಲಿ ಸುಮಾರಾಗಿ ಹಿಡಿಯುವುದೊಂದನ್ನು ಆರಿಸಿದ.

“ಕೈಯಾಗೇ ಕೂರ್ಸಿ ಅಲ್ಲಾಡ್ಸಿ ನೋಡಿ ಸ್ವಾಮಿ,” ಎಂದರು ನೀಲಕಂಠಸ್ವಾಮಿಗಳು. “ಲೊಡಲೊಡ ಅಂದ್ರೆ ಅದ್ರ ಜೋಡಿ ಅಲ್ಲ, ಬುಟ್ಬುಡಿ. ಗಾಡೀಲಿ ನನ್ ಹಳೇ ಸೆಟ್ಟದೆ, ತತ್ತೀನಿ.”

ಅವರು ಗಾಡಿಯ ಕಡೆ ಹೋದರು. ಹಳೆಯ ಸೆಟ್ಟಿಗಾಗಿ ಕಾಯುವುದೆಂದರೆ ಅವಮಾನವೆನಿಸಿ ಗಂಗಾಧರಪ್ಪ ಮೈಭಾರವನ್ನೆಲ್ಲ ಬಿಟ್ಟು ಎಳೆದ. ನಟ್ಟಿನ ಮೂಲೆಗಳು ಸವೆದು ದುಂಡಗಾದವು. ಆಗಲಾದರೂ ನಿಲ್ಲಿಸಬೇಕಾಗಿತ್ತು. ಉಳಿ ಇಟ್ಟು ಬಡಿದ. ಬೋಲ್ಟು ಬುಡದಲ್ಲಿ ಲಟಕ್ಕನೆ ಮುರಿಯಿತು.

ಸದ್ದು ಕೇಳಿ ದೊಡ್ಡತಾಯಮ್ಮನವರು ಓಡಿ ಬಂದು, “ಯಾರ್ ಕೈಯಲ್ಲಿ ಮುರೀತು?” ಎಂದರು.

“ಮೇಸ್ತ್ರಿ ಕೈಯಲ್ಲಿ,” ಎಂದ ಗಂಗಾಧರಪ್ಪ.

ಅಷ್ಟು ಹೊತ್ತಿಗೆ ಹಳೆಯ ಸೆಟ್ಟನ್ನು ಹಿಡಿದು ನೀಲಕಂಠಸ್ವಾಮಿಗಳು ಹಿಂದೆ ಬಂದು ನಿಂತಿದ್ದರು. ಅವನ ಮುಖವನ್ನು ಒಮ್ಮೆ ನೋಡಿದರು. “ತಪ್ಪಾಯ್ತು ಕಣವ್ವ,” ಎಂದರು.

ಬೆಂಗಳೂರಿನಿಂದ ಹೊಸ ಬೋಲ್ಟು ಬರಲು ಒಂಬತ್ತು ದಿನ ಹಿಡಿಯಿತು. ಸಸಿಗಳು ಒಣಗಿದವು. ನೀಲಕಂಠಸ್ವಾಮಿಗಳು ಇಂಜಿನ್ನು ಕೆಡಿಸಿದರೆಂಬ ಮಾತು ಹಾರನಹಳ್ಳಿಯಲ್ಲಿ ನಿಂತುಬಿಟ್ಟಿತು. ಯಾಕೆ ಹಾಗೆ ಒಪ್ಪಿಕೊಂಡಿರೆಂದು ಗಂಗಾಧರಪ್ಪ ಕೇಳಿದ್ದು ಆರು ತಿಂಗಳಾದ ಮೇಲೆ, ಅದೂ ಗೋಡೆಯನ್ನು ನೋಡಿಕೊಂಡು. “ನೀವು ಒಸಬ್ರು. ಮೊದಲ್ನೇ ಕೆಲ್ಸದಲ್ಲೇ ಎಸ್ರು ಕೆಟ್ರೆ ನಿಮ್ ಕೈಗೆ ಯಾರೂ ಇಂಜಿನ್ ಕೊಡಾಕಿಲ್ಲ,” ಎಂದರು, ಅಷ್ಟೆ. ಅಷ್ಟರೊಳಗೆ ಅವನಿಗೆ ಕಣ್ಣು ಮುಚ್ಚಿ ಬೆರಳಿನಿಂದಲೇ ನಟ್ಟಿನ ಅಳತೆ ಹೇಳುವುದನ್ನು, ಇಂಗ್ಲಿಷಿನದನ್ನೂ ಅಮೆರಿಕದ್ದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಡುವುದನ್ನು ಅವರೇ ಕಲಿಸಿಯಾಗಿತ್ತು. ಇವತ್ತು ಗಂಗಾಧರಪ್ಪನಿಗೆ ಜಾಣನೆಂಬ ಹೆಸರಿದ್ದರೆ ಅದು ಅವರಿಂದ ಬಂದದ್ದು. ಅವರ ಹೆಸರನ್ನು ಕೆಡಿಸಿ ಗಳಿಸಿದ್ದೆಂದರೂ ಸರಿಯೇ. ನಿಜ ಹೇಳಲು ಹನ್ನೊಂದು ವರ್ಷ ಸಮಯವಿತ್ತು; ಪ್ರತಿ ವರ್ಷವೂ ಮುಂದಿನ ವರ್ಷ ಹೇಳೋಣವೆಂದುಕೊಂಡ.

ಹೋದ ತಿಂಗಳು ಈ ಲೇಖನದ ಕರಡನ್ನು ಹಿಡಿದು ಅವನು ಹಾರನಹಳ್ಳಿಗೆ ಹೋಗಿ ದೊಡ್ಡತಾಯಮ್ಮನವರ ಮುಂದೆ ಓದಿದ. ಬೈದಾರೆಂದುಕೊಂಡಿದ್ದ. ಅವರು ಬೈದುಕೊಂಡದ್ದು ತಮ್ಮನ್ನೇ.

“ಬಂದಾಗೆಲ್ಲ ನಿಮ್ಗೆ ಮಜ್ಜಿಗೆ ಕೊಟ್ಟೆ ಕಣ್ರೀ. ಆವಯ್ಯ ಬೇಲಿ ಆಚೆ ಬಿಸ್ಲಲ್ಲಿ ನಿಂತಿರೋರು. ಒಂದ್ ಲೋಟ ನೀರ್ ಬೇಕಾ ಅಂತ ಕೇಳ್ನಿಲ್ಲ ನಾನು.”

ಆ ಮಜ್ಜಿಗೆಯನ್ನೆಲ್ಲ ಗಂಗಾಧರಪ್ಪ ಕುಡಿದಿದ್ದ. ಚೆನ್ನಾಗಿದೆಯೆಂದು ಇನ್ನೊಂದು ಲೋಟ ಕೇಳಿದ್ದೂ ಉಂಟು.

“ಇಂಜಿನ್ ಬಿಚ್ಚೋ ಕಾಲ ಬಂದದೆ,” ಎಂದರು ದೊಡ್ಡತಾಯಮ್ಮನವರು ಕೊನೆಗೆ. “ಅವ್ರನ್ನೇ ಕರ್ಕಂಡ್ ಬನ್ನಿ. ನೀವ್ ಮುಟ್ಬ್ಯಾಡಿ.”

ನೀಲಕಂಠಸ್ವಾಮಿಗಳು ನೂರು ವರ್ಷ ಬಾಳಲಿ. ಅವರ ಬೆರಳಿನ ಅಳತೆ ಈ ಸೀಮೆಯ ಇಂಜಿನ್ನುಗಳಿಗೆ ಇನ್ನೂ ಬಹುಕಾಲ ಒದಗಲಿ. ಯುಗಾದಿ ಕಳೆದ ಮೇಲೆ ಅವರು ಹಾರನಹಳ್ಳಿಗೆ ಹೊರಡುತ್ತಾರೆ. ಪೆಟ್ಟಿಗೆ ಗಂಗಾಧರಪ್ಪನ ತಲೆಯ ಮೇಲಿರುತ್ತದೆ. ದೊಡ್ಡತಾಯಮ್ಮನವರು ಮಜ್ಜಿಗೆ ತರುವ ಹೊತ್ತಿಗೆ ಅವನು ಬೇಲಿಯ ಆಚೆ ನಿಂತಿರುತ್ತಾನೆ.