ಆಂಟಿ ಕೇಳಿದ ಪತ್ರ

ಕೆಳಗಿನ ಮನೆಯಲ್ಲಿ ಯಾರೋ ಟೊಮೆಟೊ ಅನ್ನವನ್ನು ತಳ ಹಿಡಿಸಿದ್ದರು. ಶುಂಠಿ, ಮೆಣಸಿನಕಾಯಿ, ಸೀದ ಅನ್ನದ ವಾಸನೆ ಲಿಫ್ಟಿನ ತುಂಬ. ಹತ್ತು ವರ್ಷ ಕಳೆದರೂ ಆ ವಾಸನೆಗೆ ನನ್ನ ತಲೆ ತಗ್ಗುತ್ತದೆ...

ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ನನ್ನ ಮೊದಲ ಕೆಲಸ ಹೋದಾಗ, ಮುಖ ನೋಡಿಯೇ ವಿಷಯ ಊಹಿಸಿದವರು ನಮ್ಮ ಆಫೀಸು ಒರೆಸುತ್ತಿದ್ದ ಘಾನಾದ ಆಂಟಿ. ಮೂರು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ಹೆಂಡತಿ, ಮಗಳೊಂದಿಗೆ ದೇಶ ಬಿಡಬೇಕಿತ್ತು. ಕನ್ನಡದ ಗೆಳೆಯರಿಗೆ ಹೇಳಲು ನಾಚಿಕೆ. ಆ ಭಾನುವಾರದಿಂದ ಆಂಟಿ ನನ್ನನ್ನು ತಮ್ಮ ಚರ್ಚಿಗೆ ಕರೆದೊಯ್ಯತೊಡಗಿದರು.

ಹಳೆಯ ಗೋದಾಮಿನಲ್ಲಿ ಆಫ್ರಿಕಾ ಮೂಲದ ನೂರಾರು ಜನ. ಪ್ರಾರ್ಥನೆ ಮುಗಿದ ಮೇಲೆ ಕೆಲಸವಿದ್ದವರು ಎದ್ದು ನಿಂತು, ತಾವಿರುವ ಕಡೆ ಯಾವ ಜಾಗ ಖಾಲಿ ಇದೆ ಎಂದು ಹೇಳಬೇಕು. ಅದು ಅಲ್ಲಿನ ಕಟ್ಟಳೆ. ಹಿಂದೆ ಒಬ್ಬರು ಕೂತು ಬಂದವರಿಗೆಲ್ಲ ಕಮ್ಯೂನ್‌ನ, ಅಂದರೆ ಅಲ್ಲಿನ ನಗರಸಭೆಯ, ಅರ್ಜಿ ತುಂಬಿಕೊಡುತ್ತಿದ್ದರು. ಆಮೇಲೆ ಊಟ. ನಾನು ಮೀನು ತಿನ್ನುವುದಿಲ್ಲವೆಂದು ಆಂಟಿ ನನಗೆಂದೇ ಬೇರೆ ಪಾತ್ರೆಯಲ್ಲಿ ಟೊಮೆಟೊ ಅನ್ನ ತರುತ್ತಿದ್ದರು. ನಿನ್ನ ದೇವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಹಾಗೆ ಎದ್ದು ನಿಂತವರೊಬ್ಬರ ಮಾತಿನಿಂದಲೇ ನನಗೆ ಕೆಲಸ ಸಿಕ್ಕಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಆ ಕಡೆ ಹೋಗುವುದನ್ನೇ ಬಿಟ್ಟೆ.

ಮರುವರ್ಷ ಯುಗಾದಿಯ ಊಟಕ್ಕೆ ಗೆಳೆಯರೆಲ್ಲ ಬಂದಿದ್ದಾಗ ಆಂಟಿ ಬಾಗಿಲು ತಟ್ಟಿದರು. ಗೋದಾಮಿನ ಮಾಲೀಕರು ಚರ್ಚನ್ನು ಅಲ್ಲಿಂದ ಖಾಲಿ ಮಾಡಿಸಲು ಹೊರಟಿದ್ದರಂತೆ.

"ನೀನು ನಮ್ಮ ಸಭೆಯವನಲ್ಲ. ನಾವಿಲ್ಲಿ ಏನು ಮಾಡ್ತೀವಿ ಅಂತ ನೀನು ಬರೆದುಕೊಟ್ಟರೆ ನಂಬುತ್ತಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಯಾರೋ ಅದು?" ಒಳಗಿಂದ ಗೆಳೆಯ ಕೂಗಿದ.

ಚರ್ಚಿನಲ್ಲಿ ಉಂಡವನೆಂದು ತಿಳಿದರೆ ಮತಾಂತರವಾದನೆಂದೇ ಸುದ್ದಿ ಹಬ್ಬಿಸುತ್ತಾರೆಂಬ ಭಯ ನನಗೆ. "ಆಫೀಸಲ್ಲಿ ಕ್ಲೀನಿಂಗ್ ಮಾಡೋ ಲೇಡಿ ಕಣೋ, ಏನೋ ಹೆಲ್ಪ್ ಬೇಕಂತೆ," ಎಂದೆ.

ಕನ್ನಡದಲ್ಲಿ ಹೇಳಿದ್ದು ಅವರಿಗೇನು ತಿಳಿಯುತ್ತದೆ ಎಂದುಕೊಂಡಿದ್ದೆ. ನನ್ನ ಕನ್ನಡದಲ್ಲಿ ಕನ್ನಡವಾದರೂ ಎಷ್ಟಿತ್ತು! ಆಫೀಸ್, ಕ್ಲೀನಿಂಗ್, ಲೇಡಿ, ಹೆಲ್ಪ್... ಆಂಟಿ ಒಂದು ಗಳಿಗೆ ನನ್ನನ್ನೇ ನೋಡಿದರು. "ಮಗಳು ಚೆನ್ನಾಗಿದ್ದಾಳಾ?" ಎಂದು ಕೇಳಿ ಮೆಟ್ಟಿಲಿಳಿದು ಹೋದರು.

ನಾಳೆ, ನಾಡಿದ್ದು ಎನ್ನುತ್ತ ನಾನು ಪತ್ರ ಬರೆಯಲೇ ಇಲ್ಲ. ಚರ್ಚು ಆ ಜಾಗ ಬಿಟ್ಟಿತು, ಜನ ಚದುರಿದರು. ನನ್ನ ಒಂದು ಹಾಳೆಯಿಂದ ಅದು ಉಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆಂಟಿ ಎಲ್ಲಿಗೆ ಹೋದರೆಂದೂ ಗೊತ್ತಿಲ್ಲ.

ಹೋದ ವಾರ ನಮ್ಮ ಕನ್ನಡ ಗುಂಪಿನ ಎಂಜಿನಿಯರ್ ಒಬ್ಬಳು ಕೆಲಸ ಕಳೆದುಕೊಂಡು ಫೋನ್ ಮಾಡಿದ್ದಳು. "ಸರ್, ನಾನೀಗ ಯಾರ ಹತ್ರ ಹೋಗ್ಲಿ?"

ಕಳಿಸಬಹುದಾಗಿದ್ದ ಜಾಗ ಒಂದೇ ಒಂದು ನನಗೆ ಗೊತ್ತಿತ್ತು, ಅದು ಈಗಿಲ್ಲ. "ನೋಡೋಣಮ್ಮ," ಎಂದು ಫೋನ್ ಇಟ್ಟೆ.