ಗುಫೂಲಿನ ಅನುಮಾನದ ಬೀಬಿ

ಬೀಬಿಯ ಎಡಹುಬ್ಬು ಬಲಹುಬ್ಬಿಗಿಂತ ಒಂದು ಬೆರಳು ಮೇಲಿತ್ತು. ಹಿಂದೆಂದೋ ಮುಖದ ಬಲಗಡೆಗೆ ಲಕ್ವ ಹೊಡೆದು ಆ ಕಡೆಯ ಹುಬ್ಬು ಇಳಿದುಬಿಟ್ಟಿತ್ತಂತೆ. ಹಾಗಾಗಿ ನಾನು ಏನು ಹೇಳಿದರೂ ಎಡಹುಬ್ಬು ಎತ್ತಿಯೇ ಕೇಳುತ್ತಿದ್ದರು. ನನ್ನನ್ನು ನಂಬುತ್ತಿಲ್ಲವೋ, ಅವರ ಮುಖವೇ ಹಾಗೋ ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ನಂಬುತ್ತಿರಲಿಲ್ಲ.

ನಾನು ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ಸೊಂಟದ ಮೂಳೆ ಮುರಿದುಕೊಂಡಿದ್ದ ಅವರನ್ನು ನೋಡಿಕೊಳ್ಳಲು ಹೋಮ್ ನರ್ಸ್ ಆಗಿ ಕೊಲ್ಲಿ ದೇಶದ ಮನಾಮಾ ನಗರಕ್ಕೆ, ಅಲ್ಲಿನ ಗುಫೂಲ್ ಬಡಾವಣೆಯ ಒಂದು ಫ್ಲಾಟಿಗೆ ಹೋದೆ. ಅವರದು ಯಹೂದಿ ಮನೆ. ಅಜ್ಜನ ಕಾಲದಲ್ಲಿ ಬಗ್ದಾದಿನಿಂದ ಬಂದು ಮನಾಮಾದಲ್ಲೇ ನಿಂತವರು. ಬೀಬಿ ಎಂದರೆ ಅವರ ಮಾತಿನಲ್ಲಿ ಅಜ್ಜಿ. ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು, ಇಷ್ಟೇ ಜನ. ಮೂರು ತಿಂಗಳು ನೋಡಿ ಆಮೇಲೆ ಕೆಲಸದ ವೀಸಾ ಮಾಡಿಸುವುದು ಎಂದು ಮಾತಾಗಿತ್ತು. ಬೇಡವೆಂದರೆ ಊರಿಗೆ ವಾಪಸು. ಊರಿನಲ್ಲಿ ಇಬ್ಬರು ಮಕ್ಕಳ ಓದು ಈ ಕೆಲಸವನ್ನೇ ನೆಚ್ಚಿಕೊಂಡಿತ್ತು.

ಶನಿವಾರ ಊಟವಾದ ಮೇಲೆ ಮನೆಯವರೆಲ್ಲ ಮೇಜಿನ ಸುತ್ತ ಕೂತು ತಮ್ಮ ಧರ್ಮಗ್ರಂಥವಾದ ತೋರಾದ ಮೊದಲ ಪುಟಗಳನ್ನು, ಸೃಷ್ಟಿಯ ಕಥೆಯನ್ನು, ಓದುತ್ತಿದ್ದರು. ವಾರಗಟ್ಟಲೆ ಓದಿದರೂ ಆ ಏಳು ದಿನ ಮುಗಿಯುತ್ತಿರಲಿಲ್ಲ, ಯಾಕೆಂದರೆ ಬೀಬಿ ಸಾಲುಸಾಲಿಗೂ ತಕರಾರು ತೆಗೆಯುತ್ತಿದ್ದರು. ಬೆಳಕು ಹುಟ್ಟಿದ್ದು ಮೊದಲ ದಿನ, ಸೂರ್ಯ ನಾಲ್ಕನೇ ದಿನ. ಹಾಗಾದರೆ ಆ ಬೆಳಕು ಎಲ್ಲಿಯದು? ಮಾಡಿದ್ದನ್ನೆಲ್ಲ ನೋಡಿ ಒಳ್ಳೆಯದೆಂದ ದೇವರು ಎರಡನೇ ದಿನ ಮಾತ್ರ ಯಾಕೆ ಸುಮ್ಮನಾದ? ಮಗನದೊಂದು ಉತ್ತರ, ಸೊಸೆಯದು ಇನ್ನೊಂದು. ಆ ದಿನದ ಕೆಲಸ ಪೂರ್ತಿಯಾಗಿರಲಿಲ್ಲ, ಅರ್ಧ ಕೆಲಸಕ್ಕೆ ನಮ್ಮ ಟೀಚರ್ ಕೂಡ ಗುಡ್ ಹಾಕುವುದಿಲ್ಲ ಎಂದಳು ಮೊಮ್ಮಗಳು. ಎಲ್ಲರೂ ನಕ್ಕರು. ಬೀಬಿಗೆ ಅದೂ ಸಾಲಲಿಲ್ಲ. ಅನುಮಾನ ಪಡದೆ ಓದಿದರೆ ಓದಿದ ಹಾಗೇ ಅಲ್ಲ ಎನ್ನುತ್ತಿದ್ದರು.

ಚರ್ಚಿನಲ್ಲಿ ಪ್ರಶ್ನೆ ಉತ್ತರ ಎರಡನ್ನೂ ಬಾಯಿಪಾಠ ಮಾಡಿ ಬೆಳೆದ ನಾನು ಬಾಗಿಲ ಬಳಿ ನಿಂತು ದಂಗಾಗುತ್ತಿದ್ದೆ. ದೇವರನ್ನೇ ಬಿಡದ ಹೆಂಗಸು ನನ್ನನ್ನು ಬಿಟ್ಟಾರೆಯೇ? ನಿಮ್ಮಲ್ಲೂ ಇದೇ ಕಥೆ ಅಲ್ಲವೇ, ನೀವೇನು ಹೇಳುತ್ತೀರಿ ಎಂದು ಮೊಮ್ಮಗಳು ನನ್ನನ್ನು ಕೇಳಿದಾಗ ಗೊತ್ತಿಲ್ಲ ಎಂದು ಜಾರಿಕೊಂಡೆ. ಹುಡುಗಿಗೆ ನಮ್ಮ ಚರ್ಚಿನ ಪಾಠ ಹೇಳುತ್ತಿದ್ದೇನೆ ಎಂದು ಬೀಬಿ ಅಂದುಕೊಂಡರೆ ನನ್ನ ಕಥೆ ಅಲ್ಲಿಗೇ ಮುಗಿಯಿತು.

ಒಂದು ಶನಿವಾರ ಬೀಬಿ ತಮ್ಮ ಕೋಣೆಯಲ್ಲಿ ಕೂತು, ಇಲ್ಲಿ ಸೆಕೆ ಎಂದರು. ಹೌದು ಎಂದೆ. ಸ್ವಲ್ಪ ಹೊತ್ತಿಗೆ, ಬಹಳ ಸೆಕೆ ಎಂದರು. ಎಸಿ ಆರಿತ್ತು. ಆರಿಸಿದವಳು ನಾನೇ ಎಂದು ಚುಚ್ಚುತ್ತಿದ್ದಾರೆ ಎನ್ನಿಸಿ ಸ್ವಿಚ್ಚಿನ ಹತ್ತಿರವೂ ಹೋಗಲಿಲ್ಲ. ಮರುವಾರವೂ ಹಾಗೇ ಆಯಿತು. ಅದೇ ನಗರದ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕುಂದಾಪುರದ ಗೆಳತಿಗೆ ಫೋನಿನಲ್ಲಿ ಹೇಳಿಕೊಂಡೆ.

"ನಿನ್ನನ್ನು ಟೆಸ್ಟ್ ಮಾಡ್ತಿದ್ದಾರೆ ಮಾರಾಯ್ತಿ. ವೀಸಾ ಆಗುವ ತನಕ ಎಂತದೂ ಮುಟ್ಲಿಕ್ಕೆ ಹೋಗ್ಬೇಡ" ಎಂದಳು.

ಮುಟ್ಟಲಿಲ್ಲ. ಕೊನೆಗೆ ಸೊಸೆಯೇ ಬಿಡಿಸಿ ಹೇಳಿದರು. ದೇವರು ಏಳನೇ ದಿನ ಕೆಲಸ ನಿಲ್ಲಿಸಿದನಲ್ಲ, ಹಾಗಾಗಿ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ ಅವರು ಸ್ವಿಚ್ಚು ಒತ್ತುವುದಿಲ್ಲ, ಫೋನು ಎತ್ತುವುದಿಲ್ಲ, ಕಾರು ಹತ್ತುವುದಿಲ್ಲ. ನೀನು ಮಾಡು ಎಂದು ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ. ಸೆಕೆ ಎಂದಷ್ಟೇ ಹೇಳಬಹುದು, ಕೇಳಿದವರು ತಾವಾಗಿ ತಿಳಿದುಕೊಳ್ಳಬೇಕು. ನಾನು ತಿಳಿದೂ ಬೇಕೆಂದೇ ಕಾಯಿಸುತ್ತಿದ್ದೇನೆ ಎಂಬುದು ಬೀಬಿಯ ಗುಮಾನಿ. ಇಬ್ಬರೂ ಪರಸ್ಪರ ಸಂಶಯಪಡುತ್ತ ಬೆವರಿದ್ದೆವು.

ಮೂರು ತಿಂಗಳು ಮುಗಿಯಲು ಒಂದು ವಾರವಿದ್ದಾಗ ನನಗೆ ಹಲ್ಲುನೋವು ಬಂತು. ರೋಗಿಷ್ಠೆ ಎಂದು ಕಳಿಸಿಬಿಟ್ಟಾರೆಂದು ಹೆದರಿ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಬೀಬಿಯನ್ನು ಬಿಟ್ಟು ಮನೆಯವರೆಲ್ಲ ಪ್ರಾರ್ಥನೆಗೆ ಹೋದಾಗ ಗೆಳತಿ ಕೊಟ್ಟಿದ್ದ ಮಾತ್ರೆಯೊಂದನ್ನು ನುಂಗಿದೆ. ನರ್ಸ್ ಆಗಿ ಇಂಥ ದಡ್ಡತನ ಮಾಡಬಾರದಿತ್ತು. ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು ಎದ್ದು ಗಂಟಲು ಊದಿಕೊಂಡಿತು. ಅಡುಗೆಮನೆಯ ಬಾಗಿಲಲ್ಲಿ ಕುಸಿದೆ. ವಾಕರ್ ಹಿಡಿದು ಬೀಬಿ ಬರುವುದು ಕಾಣಿಸಿತು. ಅವರು ನನ್ನನ್ನು ದಾಟಿ ಹೋಗಿ ಫೋನು ಎತ್ತಿದರು.

ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವರು ಮನೆಯ ಚಪ್ಪಲಿಯಲ್ಲೇ ಪಕ್ಕದಲ್ಲಿ ಕೂತಿದ್ದರು. ಆಂಬುಲೆನ್ಸಿನಲ್ಲಿ ನನ್ನ ಜೊತೆಗೇ ಬಂದಿದ್ದರು. ಕೈಯಲ್ಲಿ ನನ್ನ ಮಾತ್ರೆಯ ಸ್ಟ್ರಿಪ್ ಇತ್ತು. ಡಾಕ್ಟರಿಗೆ ತೋರಿಸಲು ತಂದದ್ದು.

"ಬೀಬಿ, ನನ್ನಿಂದಾಗಿ ಶನಿವಾರ ಫೋನು ಮುಟ್ಟಿದಿರಿ" ಎಂದು ಅಳುತ್ತ ಹೇಳಿದೆ.

"ಜೀವ ಹೋಗುವಾಗ ಸುಮ್ಮನೆ ಕೂತಿದ್ದರೆ ಅದು ಪಾಪ, ಇದಲ್ಲ. ನಿನ್ನ ವೀಸಾಕ್ಕೆ ಅರ್ಜಿ ಹಾಕು ಎಂದು ಮಗನಿಗೆ ಹೇಳುತ್ತೇನೆ" ಎಂದರು. ಆಮೇಲೆ ಸ್ಟ್ರಿಪ್ಪನ್ನು ನನ್ನ ಮುಖದ ಮುಂದೆ ಹಿಡಿದು, "ಹಲ್ಲುನೋವು ಮುಚ್ಚಿಟ್ಟೆಯಂತೆ, ನಿನ್ನ ಗೆಳತಿ ಹೇಳಿದಳು. ಇನ್ನೂ ಏನೇನು ಮುಚ್ಚಿಟ್ಟಿದ್ದೀ?" ಎಂದು ಕೇಳಿದರು.

ನಾಲ್ಕು ವರ್ಷ ಅವರ ಜೊತೆಗಿದ್ದೆ. ಹೋದ ವರ್ಷ ತೀರಿಕೊಂಡರು. ಕೊನೆಯ ಗುಟುಕು ನೀರು ಕುಡಿಸಿದವಳು ನಾನು. ಅದನ್ನೂ ಲೋಟದೊಳಗೆ ಇಣುಕಿ ನೋಡಿಯೇ ಕುಡಿದರು. ನನಗೆ ಬೇಸರವಾಗಲಿಲ್ಲ. ತಾವು ಪೂರ್ತಿ ನಂಬದ ಒಬ್ಬಳ ಜೀವ ಉಳಿಸಲು ಅವರು ಒಂದು ಕ್ಷಣವೂ ಹಿಂದೆಮುಂದೆ ನೋಡಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಅಷ್ಟು ಬೇಗ ಫೋನು ಎತ್ತುತ್ತಿದ್ದೆನೋ ಇಲ್ಲವೋ, ನನಗೆ ನನ್ನ ಮೇಲೇ ಅನುಮಾನವಿದೆ.