ಉಪ್ಪಿನಕಾಯಿ ಭರಣಿಯ ಮೋಡ

ಒಪ್ಪಿಕೊಂಡುಬಿಡುತ್ತೇನೆ: ನಾನು ಹತ್ತಿ ವ್ಯಾಪಾರದಲ್ಲಿ ಮೇಲೆ ಬಂದದ್ದು ಅರ್ಧ ಬುದ್ಧಿಯಿಂದ, ಅರ್ಧ ಮೋಡದಿಂದ. ಗದಗಿನ ಪೇಟೆಗೆ ಸೊರಟೂರ, ಕಳಸಾಪುರದ ಚಕ್ಕಡಿಗಳು ಬಂದು ನಿಂತವೆಂದರೆ ನಾನು ಮೊದಲು ಹತ್ತಿ ನೋಡುತ್ತಿರಲಿಲ್ಲ, ಕಪ್ಪತಗುಡ್ಡದ ಕಡೆ ನೋಡುತ್ತಿದ್ದೆ. ಅಲ್ಲಿ ಅಂಗೈಯಗಲ ಬೂದು ಕಂಡರೂ ಸಾಕು, “ತೊಯ್ದ ಹತ್ತಿ ಯಾರೂ ಮೂಸಿ ನೋಡೂದಿಲ್ಲಪಾ, ಜಲ್ದಿ ಕೊಟ್ಟು ಮನಿ ಸೇರ್ಕೋ” ಎನ್ನುತ್ತಿದ್ದೆ. ಮಳೆ ಬರುತ್ತಿರಲಿಲ್ಲ, ಹತ್ತಿ ನನಗೆ ಬರುತ್ತಿತ್ತು.

ಇಂಥ ನನ್ನನ್ನು ಮಗಳು ಶಾಂತಾ ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು: “ಅಪ್ಪಾ, ಊರಿಗೆಲ್ಲಾ ಮೋಡದ ಖಬರ ಹೇಳ್ತೀರಿ. ಮೋಡ ಹೆಂಗ ಆಗತೈತಿ, ಹೇಳ್ರಿ ನೋಡೂಣು?”

ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ದನಿ ಏರಿಸುವುದು ನಮ್ಮ ಕಸುಬಿನ ಪದ್ಧತಿ, ಏರಿಸಿದೆ.

ಶಾಂತಾ ಮ್ಯಾಟ್ರಿಕ್ ಪಾಸಾಗಿದ್ದಳು. ಧಾರವಾಡಕ್ಕೆ ಹೋಗಿ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಬೇಕೆಂಬ ಹಟ ಅವಳದು. ಶಿರಹಟ್ಟಿಯ ಜಮೀನುದಾರರ ಮನೆಗೆ ಕೊಡಬೇಕೆಂಬ ಹಟ ನನ್ನದು. ಏಕೀಕರಣದ ಮೆರವಣಿಗೆಗಳ ಕಾಲ ಅದು. ಮುಂಬಯಿ, ಹೈದರಾಬಾದು, ಮೈಸೂರು ಎಂದು ಚೂರಾದ ಕನ್ನಡಿಗರೆಲ್ಲ ಒಂದಾಗಬೇಕೆಂದು ಪೇಟೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನೇ. ಬೀದರಿನಿಂದ ಕೊಳ್ಳೇಗಾಲದವರೆಗೆ ಎಲ್ಲವೂ ನನಗೆ ಹತ್ತಿರ. ಮಗಳ ಧಾರವಾಡ ಮಾತ್ರ ಬಹಳ ದೂರ.

“ನಿನಗ ಗೊತ್ತಿದ್ರ ಮನ್ಯಾಗ ಮೋಡ ಮಾಡಿ ತೋರ್ಸು,” ಎಂದೆ. “ತೋರ್ಸಿದ್ರ ಧಾರವಾಡ, ಇಲ್ಲಂದ್ರ ಶಿರಹಟ್ಟಿ.”

“ಆತು. ಬರ್ಫ ಅಷ್ಟ ತಂದುಕೊಡ್ರಿ.”

ಇಷ್ಟು ಬೇಗ ಒಪ್ಪುವ ಗಿರಾಕಿಯನ್ನು ಕಂಡರೆ ಹುಷಾರಾಗಬೇಕು. ನಾನು ಆಗಲಿಲ್ಲ.

ಬರ್ಫ, ಅಂದರೆ ಮಂಜುಗಡ್ಡೆ, ಸಿಗುತ್ತಿದ್ದುದು ಸ್ಟೇಶನ್ನಿನ ಹತ್ತಿರದ ಸೋಡಾ ಅಂಗಡಿಯಲ್ಲಿ. ಅಂಗಡಿಯವನು ಕಟ್ಟಿಗೆ ಹೊಟ್ಟಿನೊಳಗಿಂದ ಒಂದು ಗಡ್ಡೆ ತೆಗೆದು ಹಲಗೆಯ ಮೇಲಿಟ್ಟು ದರ ಹೇಳಿದ. ನಾನು ಅರ್ಧಕ್ಕೆ ಕೇಳಿದೆ. ಹೊರಟಂತೆ ಮಾಡಿದೆ, ತಿರುಗಿ ಬಂದೆ, ಕೂತೆ, ಅವನ ಅಪ್ಪನ ಮಂಡಿನೋವು ವಿಚಾರಿಸಿದೆ. ಕಡೆಗೆ ಅವನೇ ನಕ್ಕ: “ಸಾವಕಾರ್ರ, ದರಾ ಅರ್ಧಕ್ಕ ಬಂತು. ಮಾಲೂ ಅರ್ಧಕ್ಕ ಬಂತು ನೋಡ್ರಿ.”

ನಿಮಗೊಂದು ಬುದ್ಧಿಮಾತು: ಹತ್ತಿಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಬರ್ಫಕ್ಕೆ ಮಾಡಬೇಡಿ. ಮನೆ ಮುಟ್ಟಿದಾಗ ನಿಂಬೆಹಣ್ಣಿನಷ್ಟು ಉಳಿದಿತ್ತು. ಒಳಗೊಳಗೇ ನನಗೆ ಖುಷಿಯಾಯಿತೆಂಬುದನ್ನೂ ಮುಚ್ಚಿಡಲಾರೆ.

ಶಾಂತಾ ತಕರಾರು ಮಾಡಲಿಲ್ಲ. ಉಪ್ಪಿನಕಾಯಿಯ ಗಾಜಿನ ಭರಣಿ ತೊಳೆದು ತಳಕ್ಕೆ ಬಿಸಿನೀರು ಹಾಕಿದಳು. ಬಾಯಿಗೆ ಹಿತ್ತಾಳೆಯ ತಾಟು ಮುಚ್ಚಿ ಮೇಲೆ ಬರ್ಫ ಇಟ್ಟಳು. ಭರಣಿ ಬೆವರಿತು. ಮೋಡ ಬರಲಿಲ್ಲ.

“ಶಿರಹಟ್ಟಿಗೆ ಕಾಗದಾ ಬರೀಲೇನ?” ಎಂದೆ.

ಅವಳು ಕಡ್ಡಿ ಗೀರಿ, ಆರಿಸಿ, ತಾಟೆತ್ತಿ ಅದರ ಹೊಗೆಯನ್ನು ಒಳಗೆ ಬಿಟ್ಟು ಮತ್ತೆ ಮುಚ್ಚಿದಳು.

“ಏ, ಹೊಗಿ ಹಾಕೂದು ಕಲಬೆರಕಿ! ನಡಿಯೂದಿಲ್ಲ.”

ಒಲೆಯ ಮುಂದೆ ಕೂತಿದ್ದ ಹೆಂಡತಿ ತಿರುಗಿಯೂ ನೋಡದೆ ಕೇಳಿದಳು: “ತೂಕಕ್ಕ ಹಚ್ಚೂಕಿಂತ ಮೊದಲ ಹತ್ತಿ ಅಂಡಗಿ ಚೀಲಕ್ಕ ನೀರ ಚಿಮುಕಸ್ತೀರಲ್ರೀ, ಅದಕ್ಕೇನಂತಾರ?”

ಅಷ್ಟರಲ್ಲಿ ತಾಟಿನ ಕೆಳಗೆ ಬೆಳ್ಳಗೆ ಏನೋ ಸುರುಳಿ ಸುತ್ತತೊಡಗಿತು. ಕಪ್ಪತಗುಡ್ಡದ ಮೇಲೆ ನಿಲ್ಲುತ್ತದಲ್ಲ, ಅದರದೇ ಮರಿ.

“ಬರೇ ಉಗಿ ಇದ್ರ ಆಗೂದಿಲ್ರಿ ಅಪ್ಪಾ, ಬರೇ ಥಂಡಿ ಇದ್ರೂ ಆಗೂದಿಲ್ಲ. ಉಗಿ ಹನಿಯಾಗಿ ಕುಂಡ್ರಾಕ ಧೂಳಿಂದೋ ಹೊಗಿದೋ ಒಂದು ಕಣ ಬೇಕು.”

ಅಂದರೆ ಆಕಾಶದಲ್ಲೂ ದಲಾಲನಿಲ್ಲದೆ ವ್ಯವಹಾರ ಕುದುರುವುದಿಲ್ಲ! ಸ್ವಲ್ಪ ಸಮಾಧಾನವಾಯಿತು. ಆದರೂ, “ಇದು ಮೋಡ ಅಲ್ಲ, ಮಂಜು” ಎಂದು ಒಂದು ಕೈ ನೋಡಿದೆ.

“ನೆಲದ ಮ್ಯಾಲಿದ್ರ ಮಂಜು, ಆಕಾಶದಾಗ ಇದ್ರ ಮೋಡ. ಎರಡೂ ಒಂದ ರೀ.”

ಏಕೀಕರಣದ ಮನುಷ್ಯ ನಾನು, ಎರಡೂ ಒಂದಲ್ಲವೆಂದು ಯಾವ ಬಾಯಿಂದ ವಾದಿಸಲಿ?

ಆ ವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ಅವಳ ಟ್ರಂಕು ಹಿಡಿದು ಧಾರವಾಡದ ಗಾಡಿ ಹತ್ತಿದೆ. ಎದುರಿಗೆ ಕೂತಿದ್ದ ಮುಂಡರಗಿಯ ಹಿರಿಯರೊಬ್ಬರು, “ಹೆಣ್ಣಹುಡುಗೀನ ಇಷ್ಟ ದೂರ ಕಲಿಯಾಕ ಕಳಸ್ತೀರಿ. ನಿಮ್ಮ ಧೈರ್ಯ ದೊಡ್ಡದು ಬಿಡ್ರಿ” ಎಂದರು.

“ಕಾಲ ಬದಲಾಗೇತ್ರಿ,” ಎಂದು ಮೀಸೆ ಸವರಿಕೊಂಡೆ. “ಹೆಣ್ಣಮಕ್ಕಳು ಕಲೀಬೇಕು ಅನ್ನೂದು ಮೊದಲಿಂದ ನನ್ನ ವಿಚಾರ. ನೀವೂ ಕಳಸ್ರಿ.”

ಅಣ್ಣಿಗೇರಿ ದಾಟುವವರೆಗೂ ಅವರಿಗೆ ಉಪದೇಶ ಮಾಡಿದೆ. ಶಾಂತಾ ಕಿಡಕಿಯ ಹೊರಗೆ ನೋಡುತ್ತ ಕೂತಿದ್ದಳು. ಒಂದು ಮಾತು ಆಡಿದ್ದರೆ ನನ್ನ ಬಂಡವಾಳ ಬಯಲಾಗುತ್ತಿತ್ತು. ಆಡಲಿಲ್ಲ. ಗೆದ್ದಮೇಲೆ ಸುಮ್ಮನಿರುವುದನ್ನು ಯಾವ ಟ್ರೇನಿಂಗಿನಲ್ಲಿ ಕಲಿಸುತ್ತಾರೋ ನಾನರಿಯೆ. ನಮ್ಮ ಪೇಟೆಯಲ್ಲಂತೂ ಕಲಿಸುವುದಿಲ್ಲ.